ಚಾಟ್ಸ್‌ವರ್ತ್‌ನ ದೊಡ್ಡ ಗಾಜಿನಮನೆ: ಜನ ಪದೇ ಪದೇ ಕೇಳೋ ಪ್ರಶ್ನೆಗಳು

ಲಾಲ್‌ಬಾಗ್ ಗಾಜಿನಮನೆ ಮಾತು ಬಂದಾಗೆಲ್ಲ "ಅದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ನೋಡ್ಕೊಂಡು ಕಟ್ಟಿದ್ದಂತೆ" ಅಂತ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ. ಸರಿ, ಆದ್ರೆ 1851ರ ಎಕ್ಸಿಬಿಷನ್‌ಗೆ ಗಾಜಲ್ಲಿ ಕಟ್ಟಿದ್ದ ಆ ಕ್ರಿಸ್ಟಲ್ ಪ್ಯಾಲೆಸ್‌ಗೂ ಒಂದು ತವರುಮನೆ ಇತ್ತು, ಅದು ಇಂಗ್ಲೆಂಡಿನ ಹಳ್ಳಿ ಕಡೆ ಒಬ್ಬ ಡ್ಯೂಕ್‌ನ ಎಸ್ಟೇಟಿನ ತೋಟದಲ್ಲಿತ್ತು, ಅದನ್ನ ಮಾತ್ರ ಯಾರೂ ಹೇಳಲ್ಲ. ಮಗಳು ಶೆಫೀಲ್ಡ್‌ನಲ್ಲಿದ್ದಾಗ ನಾನು ಆ ಜಾಗ ನೋಡ್ಕೊಂಡು ಬಂದೆ, ಅವತ್ತಿಂದ ಅದರದ್ದೇ ಗುಂಗು. ಮನೆಗೆ ಬಂದವರು, ವಾಕಿಂಗ್‌ಗೆ ಸಿಗೋರು, ನೆಂಟರ ಮಕ್ಕಳು ಎಲ್ಲಾ ಕೇಳಿದ ಪ್ರಶ್ನೆಗಳನ್ನ ಒಂದು ಕಡೆ ಸೇರಿಸಿ ಬರೀತಿದೀನಿ.

ಈ ಗಾಜಿನಮನೆ ಎಲ್ಲಿದೆ?

ಈಗ ಎಲ್ಲೂ ಇಲ್ಲ. 1920ರಲ್ಲಿ ಒಡೆದು ಹಾಕಿಬಿಟ್ರು. ಅದು ಇದ್ದಿದ್ದು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಡರ್ವೆಂಟ್ ನದಿ ಪಕ್ಕದ ಚಾಟ್ಸ್‌ವರ್ತ್ ಅನ್ನೋ ಎಸ್ಟೇಟಲ್ಲಿ. ಡೆವನ್‌ಶೈರ್ ಡ್ಯೂಕ್‌ಗಳ ಮನೆ ಅದು, ಕ್ಯಾವೆಂಡಿಶ್ ಮನೆತನ. ದೊಡ್ಡ ಬಂಗಲೆ ಇವತ್ತಿಗೂ ಇದೆ, ತೋಟ ಇದೆ, ಟಿಕೆಟ್ ತಗೊಂಡು ಯಾರು ಬೇಕಾದ್ರೂ ಹೋಗಿ ನೋಡಬಹುದು. ಗಾಜಿನಮನೆ ಇದ್ದ ಜಾಗದಲ್ಲಿ ಕಲ್ಲಿನ ಅಡಿಗೋಡೆ ಮಾತ್ರ ಉಳಿದಿದೆ, ಅದರೊಳಗೆ 1962ರಲ್ಲಿ ಯೂ ಗಿಡಗಳನ್ನ ನೆಟ್ಟು ಒಂದು ಚಕ್ರವ್ಯೂಹದ ಥರ ಮೇಜ್ ಮಾಡಿದಾರೆ. ಮಕ್ಕಳು ಅದರೊಳಗೆ ಕೂಗಾಡ್ಕೊಂಡು ಓಡ್ತಿರ್ತಾರೆ. ಗೋಡೆ ಪಕ್ಕ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ್ರೆ ಮಾತ್ರ ಆ ಕಟ್ಟಡ ಎಷ್ಟು ಉದ್ದ ಇತ್ತು ಅಂತ ಕಾಲಿಗೆ ಗೊತ್ತಾಗತ್ತೆ.

ಎಷ್ಟು ದೊಡ್ಡದಿತ್ತು ಅದು?

277 ಅಡಿ ಉದ್ದ, 123 ಅಡಿ ಅಗಲ, ಎತ್ತರ 60 ಅಡಿ ಮೀರಿ. ನಮ್ಮ ಲೆಕ್ಕಕ್ಕೆ ಹೇಳೋದಾದ್ರೆ ಹತ್ತತ್ರ 31 ಗುಂಟೆ, ಅಂದ್ರೆ ಬೆಂಗಳೂರಿನ 30-40 ಸೈಟು 28 ಹಿಡಿಯೋಷ್ಟು ಜಾಗ ಒಂದೇ ಗಾಜಿನ ಸೂರಿನ ಕೆಳಗೆ. 1836ರಲ್ಲಿ ಕೆಲಸ ಶುರುವಾಗಿ 1840ರ ಹೊತ್ತಿಗೆ ಮುಗೀತು, ಆಗ ಪ್ರಪಂಚದಲ್ಲೇ ಅತಿ ದೊಡ್ಡ ಗಾಜಿನ ಕಟ್ಟಡ ಅದೇ. ಖರ್ಚು ಸುಮಾರು 33 ಸಾವಿರ ಪೌಂಡ್, ಆ ಕಾಲದ 33 ಸಾವಿರ. ಮಧ್ಯದಲ್ಲಿ ಕುದುರೆಗಾಡಿ ಹೋಗೋ ರಸ್ತೆನೇ ಇತ್ತು, ಒಂದು ಬಾಗಿಲಲ್ಲಿ ಗಾಡಿ ಒಳಗೆ ಬಂದು ಇನ್ನೊಂದು ಬಾಗಿಲಲ್ಲಿ ಆಚೆ ಹೋಗ್ತಿತ್ತು.

ಯಾರು ಕಟ್ಟಿದ್ದು? ಯಾವ ಆರ್ಕಿಟೆಕ್ಟು?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದೇ, ಯಾಕಂದ್ರೆ ಕಟ್ಟಿದ್ದು ತೋಟದ ಮಾಲಿ.

ಜೋಸೆಫ್ ಪ್ಯಾಕ್ಸ್‌ಟನ್, ಹುಟ್ಟಿದ್ದು 1803ರಲ್ಲಿ ಬೆಡ್‌ಫರ್ಡ್‌ಶೈರ್‌ನ ಒಂದು ಹಳ್ಳಿಲಿ, ಸಾಧಾರಣ ರೈತಾಪಿ ಮನೆ. ಲಂಡನ್ ಹತ್ರ ಚಿಸ್ವಿಕ್‌ನಲ್ಲಿ ಹಾರ್ಟಿಕಲ್ಚರಲ್ ಸೊಸೈಟಿ ತೋಟದಲ್ಲಿ ಕೆಲಸ ಮಾಡ್ತಿದ್ದ. ಆ ಜಮೀನು ಆರನೇ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್‌ದು, ಪಕ್ಕದಲ್ಲೇ ಅವನ ಮನೆ. ಡ್ಯೂಕ್‌ಗೆ ಸ್ವಲ್ಪ ಕಿವಿ ಮಂದ, ಈ ಹುಡುಗ ಬಿಡಿಸಿ ಬಿಡಿಸಿ ಮಾತಾಡ್ತಾನೆ, ಗಿಡದ ಬಗ್ಗೆ ಕೇಳಿದ್ರೆ ಸರಿಯಾಗಿ ಹೇಳ್ತಾನೆ ಅಂತ ಇಷ್ಟ ಆಗಿ 1826ರಲ್ಲಿ ಚಾಟ್ಸ್‌ವರ್ತ್‌ಗೆ ಹೆಡ್ ಗಾರ್ಡನರ್ ಮಾಡಿಬಿಟ್ಟ. ಹುಡುಗನಿಗೆ ಇನ್ನೂ 23 ತುಂಬಿರ್ಲಿಲ್ಲ.

ಅವನು ಕೆಲಸಕ್ಕೆ ಸೇರಿದ ಮೊದಲ ದಿನದ ಕಥೆ ಅವನೇ ಹೇಳ್ಕೊಂಡಿದಾನೆ. ಮೇ 9, ಬೆಳಗಿನ ಜಾವ ನಾಲ್ಕೂವರೆಗೆ ಬಂದ, ಬಾಗಿಲು ತೆಗೆಯೋರು ಯಾರೂ ಇಲ್ಲ, ಗ್ರೀನ್‌ಹೌಸ್ ಗೇಟು ಹತ್ತಿ ಒಳಗೆ ಇಳಿದು ಇಡೀ ಜಾಗ ಸುತ್ತು ಹಾಕಿದ, ಆರು ಗಂಟೆಗೆ ಆಳುಗಳನ್ನ ಕೆಲಸಕ್ಕೆ ಹಚ್ಚಿದ, ಆಮೇಲೆ ಮನೆ ನೋಡ್ಕೊಳ್ಳೋ ಹೆಂಗಸಿನ ಜೊತೆ ತಿಂಡಿಗೆ ಕೂತ, ಅಲ್ಲಿ ಅವರ ಸಂಬಂಧದ ಹುಡುಗಿ ಸಾರಾ ಬೌನ್‌ಳನ್ನ ನೋಡಿದ, ಒಂಬತ್ತು ಗಂಟೆ ಒಳಗೆ ಇಬ್ಬರಿಗೂ ಮನಸ್ಸು ಕೂಡಿಬಿಡ್ತು. ಮುಂದಿನ ವರ್ಷ ಮದುವೆ.

ದೊಡ್ಡ ಗಾಜಿನಮನೆ ಕಟ್ಟುವಾಗ ಡೆಸಿಮಸ್ ಬರ್ಟನ್ ಅನ್ನೋ ಹೆಸರಾಂತ ಆರ್ಕಿಟೆಕ್ಟ್ ಸಲಹೆ, ಸಹಾಯ ಇತ್ತು, ಅದನ್ನ ಮುಚ್ಚಿಡಬಾರದು. ಆದ್ರೆ ಆ ಕಟ್ಟಡದ ತಿರುಳು, ಅಂದ್ರೆ ಚಾವಣಿ ಹೇಗೆ ನಿಲ್ಲಬೇಕು, ನೀರು ಹೇಗೆ ಹರೀಬೇಕು, ಬೆಳಕು ಎಲ್ಲಿಂದ ಬೀಳಬೇಕು, ಇದೆಲ್ಲಾ ಪ್ಯಾಕ್ಸ್‌ಟನ್ ಮೊದಲು ಚಿಕ್ಕ ಚಿಕ್ಕ ಗಾಜಿನಮನೆ ಕಟ್ಟಿ ನೋಡಿ, ಸರಿಮಾಡಿ, ಮತ್ತೆ ಕಟ್ಟಿ ಕಲಿತದ್ದು. ಗಿಡಕ್ಕೆ ಏನು ಬೇಕು ಅಂತ ಗೊತ್ತಿದ್ದವನು ಮನೆ ಕಟ್ಟಿದ್ರೆ ಹೇಗಿರತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಕೆಲವರು ಅದನ್ನ 'ಗ್ರೇಟ್ ಸ್ಟವ್' ಅಂತಾರಲ್ಲ, ಒಲೆಗೂ ತೋಟಕ್ಕೂ ಏನು ಸಂಬಂಧ?

ಆ ಕಾಲದ ತೋಟಗಾರರ ಬಾಯಲ್ಲಿ ಸ್ಟವ್ ಅಂದ್ರೆ ಬೆಂಕಿ ಹಾಕಿ ಬಿಸಿಯಾಗಿ ಇಡೋ ಗಿಡದ ಮನೆ. ಗ್ರೀನ್‌ಹೌಸ್ ಅಂದ್ರೆ ಬರೀ ಚಳಿ, ಹಿಮದಿಂದ ಕಾಪಾಡೋ ಮನೆ, ಕಿತ್ತಳೆ ನಿಂಬೆ ಗಿಡಗಳನ್ನ ಚಳಿಗಾಲ ಕಳೆಯೋವರೆಗೂ ಇಡೋಕೆ. ಬಾಳೆ, ತಾಳೆ, ಆರ್ಕಿಡ್ ಬೇಕಂದ್ರೆ ಸ್ಟವ್ವೇ ಆಗಬೇಕು.

ಚಾವಣಿ ಯಾಕೆ ನೆರಿಗೆ ನೆರಿಗೆಯಾಗಿತ್ತು? ಅಂದಕ್ಕಾ?

ಅಂದ ಆಮೇಲೆ ಬಂತು. ಹಳೇ ಫೋಟೋ ನೋಡಿದ್ರೆ ಕಟ್ಟಡ ಎರಡು ಹಂತದಲ್ಲಿ ಗುಡ್ಡದ ಥರ ಬಾಗಿ ಏರತ್ತೆ, ಆ ಬಾಗಿದ ಮೈಮೇಲೆ ಗಾಜು ಸಪಾಟಾಗಿ ಕೂತಿಲ್ಲ, ಸೀರೆ ನೆರಿಗೆ ಹಿಡಿದ ಹಾಗೆ ಏಣು, ತಗ್ಗು, ಏಣು, ತಗ್ಗು ಅಂತ ಮಡಿಕೆ ಮಡಿಕೆಯಾಗಿದೆ. ಈ ಯೋಚನೆ ಮೊದಲು ಬಂದಿದ್ದು ಲೌಡನ್ ಅನ್ನೋ ಇನ್ನೊಬ್ಬ ತೋಟಗಾರನಿಗೆ, ಅದನ್ನ ಇಷ್ಟು ದೊಡ್ಡ ಮಟ್ಟದಲ್ಲಿ ಮಾಡಿ ನಿಲ್ಲಿಸಿದ್ದು ಪ್ಯಾಕ್ಸ್‌ಟನ್.

ಲಾಭ ಏನು ಅಂದ್ರೆ ಮೊದಲನೇದು ಬೆಳಕು. ಇಂಗ್ಲೆಂಡಲ್ಲಿ ಬೆಳಿಗ್ಗೆ ಸಂಜೆ ಸೂರ್ಯ ತುಂಬಾ ಕೆಳಗಿರ್ತಾನೆ, ಸಪಾಟಾದ ಗಾಜಿನ ಮೇಲೆ ಓರೆಯಾಗಿ ಬಿದ್ದ ಬೆಳಕು ಜಾರಿ ಹೋಗಿಬಿಡತ್ತೆ. ನೆರಿಗೆ ಇದ್ರೆ ಬೆಳಿಗ್ಗೆ ಒಂದು ಮಗ್ಗುಲ ಗಾಜು ಸೂರ್ಯನಿಗೆ ನೇರ ಮುಖ ಕೊಡತ್ತೆ, ಸಂಜೆ ಇನ್ನೊಂದು ಮಗ್ಗುಲು, ಮಧ್ಯಾಹ್ನದ ಸುಡುಬಿಸಿಲು ಮಾತ್ರ ಓರೆಯಾಗಿ ಬಿದ್ದು ಗಿಡ ಸುಡದ ಹಾಗೆ ಆಗತ್ತೆ. ಎರಡನೇದು ಗಟ್ಟಿತನ, ಜಿಂಕ್ ಶೀಟು ಅಲೆ ಅಲೆಯಾಗಿದ್ರೆ ಹೇಗೆ ಬಗ್ಗದೆ ನಿಲ್ಲತ್ತೋ ಹಾಗೆ. ಮೂರನೇದು ನೀರು, ಇದು ನನಗೆ ತುಂಬಾ ಹಿಡಿಸಿದ್ದು. ಹಂಚಿನ ಮನೆಲಿ ಎರಡು ಇಳಿಜಾರು ಸೇರೋ ಕಡೆ ದೋಣಿ ಇಡ್ತಾರಲ್ಲ, ಹಂಗೆ ಪ್ರತಿ ತಗ್ಗಲ್ಲೂ ಮರದ ದೋಣಿ. ಆ ಒಂದೇ ಮರದ ತುಂಡಿನ ಮೇಲ್ಗಡೆ ಮಳೆನೀರಿಗೆ ಒಂದು ದೊಡ್ಡ ತೋಡು, ಅಕ್ಕಪಕ್ಕ ಒಳಗಡೆ ಬೆವರಿದ ನೀರಿಗೆ ಸಣ್ಣ ತೋಡುಗಳು. ಬಿಸಿಯಾದ ಗಾಜಿನಮನೆ ಒಳಗಡೆಯಿಂದ ಬೆವರತ್ತೆ, ಆ ತಣ್ಣನೆ ಹನಿ ಎಲೆ ಮೇಲೆ ತೊಟ್ಟಿಕ್ತಾ ಇದ್ರೆ ಎಲೆ ಕೊಳೆಯತ್ತೆ, ಅದನ್ನ ಬೀಳೋಕೆ ಬಿಡದೆ ಹಿಡ್ಕೊಂಡು ಆಚೆ ಸಾಗಿಸೋ ದೋಣಿ ಅದು. ಇದಕ್ಕೆ ಪ್ಯಾಕ್ಸ್‌ಟನ್ ಗಟರ್ ಅಂತಲೇ ಹೆಸರು. ನಮ್ಮ ಕಡೆ ಗುಲಾಬಿ, ಜರ್ಬೆರಾ ಬೆಳೆಯೋ ಪಾಲಿಹೌಸ್ ಒಳಗೆ ಹೋದ್ರೆ ಎರಡು ಕಮಾನು ಸೇರೋ ಕಡೆ ದೋಣಿ ಕಾಣಿಸತ್ತೆ, ಅವನ ತಲೆನೋವೇ ಇವತ್ತಿನ ರೈತರ ತಲೆನೋವೂ ಹೌದು.

ಕಬ್ಬಿಣ ಬಿಟ್ಟು ಮರ ಯಾಕೆ ಹಾಕಿದ?

ಕಬ್ಬಿಣನೂ ಇತ್ತು, ಒಳಗಿನ ಕಂಬಗಳು ಎರಕದ ಕಬ್ಬಿಣದವು. ಬಾಗಿದ ಕಮಾನುಗಳು ಮಾತ್ರ ಮರದ ಪಟ್ಟಿಗಳನ್ನ ಒಂದರ ಮೇಲೊಂದು ಸೇರಿಸಿ ಬಗ್ಗಿಸಿದ್ದು, ಗಾಜು ಕೂರಿಸೋ ರೀಪರ್ ಥರದ ಸಣ್ಣ ಪಟ್ಟಿಗಳೂ ಮರದ್ದೇ. ಮರ ಅಗ್ಗ, ಕಬ್ಬಿಣ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಗಾಜು ಒಡೆಯತ್ತೆ, ತುಕ್ಕು ಬೇರೆ. ಆ ಸಣ್ಣ ಪಟ್ಟಿಗಳನ್ನ ಒಂದಕ್ಕೊಂದು ಜೋಡಿಸಿದ್ರೆ 40 ಮೈಲಿ ಆಗ್ತಿತ್ತು! ಅಷ್ಟನ್ನೂ ಬಡಗಿಗಳು ಕೈಯಲ್ಲಿ ಕೆತ್ತುತಾ ಕೂತ್ರೆ ಆಗಲ್ಲ ಅಂತ ಸ್ಟೀಮಲ್ಲಿ ಓಡೋ ಒಂದು ಮೆಷಿನ್ ಮಾಡ್ಸಿದ, ಅದಕ್ಕೆ 1841ರಲ್ಲಿ ಸೊಸೈಟಿ ಆಫ್ ಆರ್ಟ್ಸ್ ಮೆಡಲ್ ಕೊಡ್ತು. ಒಂದೇ ಅಳತೆ ತುಂಡುಗಳನ್ನ ಸಾವಿರಗಟ್ಟಲೆ ಮಾಡಿ ಜೋಡಿಸಿ ಕಟ್ಟಡ ಎಬ್ಬಿಸೋದು ಅನ್ನೋ ಇವತ್ತಿನ ರೂಢಿಯ ಒಂದು ಬೇರು ಈ ತೋಟದ ಶೆಡ್ಡಲ್ಲಿದೆ.

ಅಷ್ಟೊಂದು ಗಾಜು ಎಲ್ಲಿಂದ ಬಂತು?

ಸ್ಮೆಥ್‌ವಿಕ್‌ನ ಚಾನ್ಸ್ ಬ್ರದರ್ಸ್ ಫ್ಯಾಕ್ಟರಿಯಿಂದ. ಆಗ ಗಾಜನ್ನ ಬಾಯಲ್ಲಿ ಊದಿ ಉದ್ದ ಕೊಳವೆ ಥರ ಮಾಡಿ, ಅದನ್ನ ಉದ್ದಕ್ಕೆ ಸೀಳಿ, ಮತ್ತೆ ಬಿಸಿ ಮಾಡಿ ಚಪ್ಪಟೆ ಮಾಡ್ತಿದ್ರು. ಮೂರು ಅಡಿ ಉದ್ದದ್ದು ಮಾಡಿ ಕೊಡ್ತೀವಿ ಅಂದ್ರು ಅವರು, ಪ್ಯಾಕ್ಸ್‌ಟನ್‌ಗೆ ನಾಲ್ಕು ಅಡಿ ಬೇಕಿತ್ತು, ಗಾಜು ಉದ್ದ ಇದ್ದಷ್ಟೂ ಮಧ್ಯೆ ಜೋಡಣೆ ಕಮ್ಮಿ, ಸೋರೋದೂ ಕಮ್ಮಿ. ಮೂರು ಆಗತ್ತೆ ಅಂದ್ರೆ ನಾಲ್ಕು ಯಾಕಾಗಲ್ಲ ಅಂತ ಪಟ್ಟು ಹಿಡಿದ, ಮಾಡ್ಸೇಬಿಟ್ಟ.

ಇನ್ನೊಂದು ವಿಷಯ, ಆಗ ಇಂಗ್ಲೆಂಡಲ್ಲಿ ಗಾಜಿಗೆ ತೂಕದ ಲೆಕ್ಕದಲ್ಲಿ ಟ್ಯಾಕ್ಸ್ ಇತ್ತು, ಅದನ್ನ ತೆಗೆದಿದ್ದು 1845ರಲ್ಲಿ. ಅಂದ್ರೆ ಈ ಗಾಜಿನಮನೆ ಟ್ಯಾಕ್ಸ್ ಇದ್ದಾಗಲೇ ಎದ್ದಿದ್ದು, ಡ್ಯೂಕ್‌ನಂಥ ಶ್ರೀಮಂತನಿಗೆ ಬಿಟ್ಟು ಬೇರೆಯವರಿಗೆ ಕನಸಲ್ಲೂ ಆಗದ ಮಾತು.

ಅಷ್ಟು ಚಳಿ ದೇಶದಲ್ಲಿ ಒಳಗಡೆ ಹೇಗೆ ಬಿಸಿ ಇಡ್ತಿದ್ರು?

ನೆಲದ ಕೆಳಗೆ ಎಂಟು ಬಾಯ್ಲರ್. ಬಿಸಿನೀರು ಓಡಾಡೋ ನಾಲ್ಕು ಇಂಚಿನ ಪೈಪು ಒಟ್ಟು ಏಳು ಮೈಲಿ. ಆ ಬಾಯ್ಲರ್‌ಗಳಿಗೆ ಹಗಲು ರಾತ್ರಿ ಕಲ್ಲಿದ್ದಲು ಹಾಕ್ತಾನೇ ಇರಬೇಕು, ಆದ್ರೆ ಕಲ್ಲಿದ್ದಲು ಗಾಡಿ, ಮಸಿ, ಹೊಗೆ ಯಾವುದೂ ತೋಟಕ್ಕೆ ಬಂದ ಅತಿಥಿಗಳ ಕಣ್ಣಿಗೆ ಬೀಳಬಾರದು. ಅದಕ್ಕೆ ಒಂದು ಸುರಂಗ ತೋಡಿ, ಅದರಲ್ಲಿ ಹಳಿ ಹಾಕಿ, ಸಣ್ಣ ಟ್ರಾಲಿಯಲ್ಲಿ ಕಲ್ಲಿದ್ದಲು ತಳ್ಕೊಂಡು ಬರ್ತಿದ್ರು. ಹೊಗೆಯನ್ನೂ ನೆಲದೊಳಗಿಂದಲೇ ಹಿಂದಿನ ಕಾಡಿಗೆ ಸಾಗಿಸಿ ಅಲ್ಲಿ ಚಿಮಣಿಯಿಂದ ಬಿಡ್ತಿದ್ರು.

ಆ ಕಲ್ಲಿದ್ದಲು ಸುರಂಗ ಈಗಲೂ ಇದೆ, ಒಳಗೆ ನಡೆಯಬಹುದು. ನಾನು ಹೋದ ದಿನ ಆಚೆ ಸಣ್ಣ ಮಳೆ, ಒಳಗೆ ಹೆಜ್ಜೆ ಇಟ್ಟ ತಕ್ಷಣ ಹಸಿಮಣ್ಣಿನ ವಾಸನೆ, ಗೋಡೆಗೆ ಕೈ ಇಟ್ರೆ ತಣ್ಣಗೆ ಒದ್ದೆ. ನನ್ನ ಹಿಂದೆ ಬರ್ತಿದ್ದ ಮಗಳು "ಅಪ್ಪ, ಇಲ್ಲಿ ಟ್ರಾಲಿ ತಳ್ಳೋನು ಮೇಲಿನ ತಾಳೆಮರ ಯಾವತ್ತಾದ್ರೂ ನೋಡಿರ್ತಾನಾ" ಅಂದ್ಲು. ಇಡೀ ಚಾಟ್ಸ್‌ವರ್ತ್‌ನಲ್ಲಿ ಚಿನ್ನದ ರೇಕು ಹಚ್ಚಿದ ಕಿಟಕಿ, ಚಿತ್ರ ಬರೆದ ಚಾವಣಿ ಎಲ್ಲಾ ನೋಡಿದೆ, ನೆನಪಲ್ಲಿ ಗಟ್ಟಿಯಾಗಿ ಕೂತಿರೋದು ಈ ಸುರಂಗವೇ.

ಒಳಗೆ ಏನೇನು ಇತ್ತು?

ತಾಳೆ ಜಾತಿ ಮರಗಳು, ಬಾಳೆ, ಜರಿಗಿಡ, ಕೊಳ, ಬಂಡೆ, ಮೇಲಿಂದ ನೋಡೋಕೆ ಸುತ್ತ ಗ್ಯಾಲರಿ. 1843ರ ಡಿಸೆಂಬರ್‌ನಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಸಾವಿರಾರು ದೀಪ ಹಚ್ಚಿದ್ರು, ತೆರೆದ ಕುದುರೆಗಾಡಿಯಲ್ಲಿ ರಾಣಿ ಒಳಗೆ ಬಂದ್ರು, ಆಚೆ ಡಿಸೆಂಬರ್ ಚಳಿ, ಒಳಗೆ ಬಾಳೆ ಎಲೆ. ಅವತ್ತು ಜೊತೆಗೆ ವೆಲಿಂಗ್ಟನ್ ಡ್ಯೂಕ್ ಕೂಡ ಇದ್ದ, ನಮ್ಮ ಟಿಪ್ಪು ವಿರುದ್ಧದ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. ಮಾರನೇ ದಿನ ಬೆಳಿಗ್ಗೆ ಬೇಗ ಎದ್ದು ತೋಟಕ್ಕೆ ಬಂದ್ರೆ ರಾತ್ರಿಯ ದೀಪ, ಕಸ, ತುಳಿದ ಹುಲ್ಲು ಒಂದರ ಗುರುತೂ ಇಲ್ಲ, ಪ್ಯಾಕ್ಸ್‌ಟನ್ ರಾತ್ರೋರಾತ್ರಿ ಆಳುಗಳನ್ನ ಹಚ್ಚಿ ಎಲ್ಲಾ ಒಪ್ಪ ಮಾಡಿಸಿದ್ದ, ಇವನು ನನಗೆ ಜನರಲ್ ಆಗಿ ಸಿಕ್ಕಿದ್ರೆ ಚೆನ್ನಾಗಿರ್ತಿತ್ತು ಅಂದನಂತೆ ವೆಲಿಂಗ್ಟನ್. ಚಾರ್ಲ್ಸ್ ಡಾರ್ವಿನ್ ಕೂಡ 1845ರಲ್ಲಿ ಬಂದು ನೋಡಿ ಬೆರಗಾಗಿ ಹೋದ.

ಇಂಡಿಯಾದಿಂದ ಗಿಡ ಹೋಗಿತ್ತಾ?

ಹೋಗಿತ್ತು, ಅದಕ್ಕೇ ಅಂತ ಒಬ್ಬನನ್ನ ಕಳಿಸಿದ್ರು. ಜಾನ್ ಗಿಬ್ಸನ್ ಅಂತ ಚಾಟ್ಸ್‌ವರ್ತ್‌ನ ಹುಡುಗ ಮಾಲಿ. 1835ರಲ್ಲಿ ಹೊಸ ಗವರ್ನರ್ ಜನರಲ್ ಲಾರ್ಡ್ ಆಕ್ಲೆಂಡ್ ಬರ್ತಿದ್ದ ಹಡಗಲ್ಲೇ ಹೊರಟು ಕಲ್ಕತ್ತಾ ಬೊಟಾನಿಕಲ್ ಗಾರ್ಡನ್‌ಗೆ ಬಂದ, ಅಲ್ಲಿನ ಮುಖ್ಯಸ್ಥ ನಥಾನಿಯಲ್ ವಾಲಿಚ್ ಅವನಿಗೆ ದಾರಿ ತೋರಿಸಿದ. ಆಮೇಲೆ ಖಾಸಿ ಬೆಟ್ಟ, ಚಿರಾಪುಂಜಿ ಕಡೆ ಹೋಗಿ ರಾಶಿ ರಾಶಿ ಆರ್ಕಿಡ್ ಕೂಡಿಸಿದ. 1837ರಲ್ಲಿ ವಾಪಸ್ ಹೋಗುವಾಗ ಜೊತೆಗೆ ಅಮ್ಹರ್‌ಸ್ಟಿಯಾ ಗಿಡ ಕೂಡ ಇತ್ತು, ಬರ್ಮಾ ಕಡೆಯ ಮರ, ಕೆಂಪು ಹೂವಿನ ಗೊಂಚಲು ತೂಗುದೀಪದ ಥರ ಇಳಿಬಿಡತ್ತೆ. ಡ್ಯೂಕ್‌ಗೆ ಆ ಹೂವು ನೋಡಬೇಕು ಅನ್ನೋ ಆಸೆ ಬಹಳ. ಆದ್ರೆ ಇಂಗ್ಲೆಂಡಲ್ಲಿ ಅದು ಮೊದಲು ಹೂ ಬಿಟ್ಟಿದ್ದು 1849ರಲ್ಲಿ, ಲಂಡನ್ ಹತ್ರ ಈಲಿಂಗ್‌ನಲ್ಲಿ ಒಬ್ಬ ಹೆಣ್ಣುಮಗಳ ತೋಟದಲ್ಲಿ, ಚಾಟ್ಸ್‌ವರ್ತ್‌ನಲ್ಲಿ ಅಲ್ಲ.

ಗಿಬ್ಸನ್ ತಂದ ಆರ್ಕಿಡ್‌ಗಳಲ್ಲಿ ಡೆಂಡ್ರೋಬಿಯಂ ಗಿಬ್ಸೋನಿ ಅಂತ ಒಂದು, ಡೆಂಡ್ರೋಬಿಯಂ ಡೆವೋನಿಯಾನಂ ಅಂತ ಇನ್ನೊಂದು. ಒಂದರಲ್ಲಿ ಮಾಲಿ ಹೆಸರು, ಇನ್ನೊಂದರಲ್ಲಿ ಯಜಮಾನನ ಹೆಸರು. ಆ ಗಿಡ ಹುಟ್ಟಿದ ಬೆಟ್ಟದ ಜನರ ಹೆಸರು ಎರಡರಲ್ಲೂ ಇಲ್ಲ, ಹೆರಿಟೇಜ್ ಅಂತ ಮಾತಾಡುವಾಗ ಇದನ್ನೂ ಸೇರಿಸಿ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ.

ಕ್ಯಾವೆಂಡಿಶ್ ಬಾಳೆ ಅಂತಾರಲ್ಲ, ಅದೇ ಕ್ಯಾವೆಂಡಿಶ್ಶಾ?

ಅದೇ! ಮಾರಿಷಸ್ ಕಡೆಯಿಂದ ಇಂಗ್ಲೆಂಡಿಗೆ ಬಂದಿದ್ದ ಒಂದು ಗಿಡ್ಡ ಬಾಳೆಗಿಡವನ್ನ ಪ್ಯಾಕ್ಸ್‌ಟನ್ ತಂದು ಚಾಟ್ಸ್‌ವರ್ತ್‌ನಲ್ಲಿ ಬೆಳೆಸಿದ, 1835ರ ನವೆಂಬರ್‌ನಲ್ಲಿ ಮೂತಿ ಬಿಡ್ತು, ಮುಂದಿನ ವರ್ಷ ಹಣ್ಣನ್ನ ಹಾರ್ಟಿಕಲ್ಚರಲ್ ಸೊಸೈಟಿಗೆ ತೋರಿಸಿ ಮೆಡಲ್ ತಗೊಂಡ, ಯಜಮಾನನ ಮನೆತನದ ಹೆಸರಿಟ್ಟ. ಇದು ನಡೆದಿದ್ದು ದೊಡ್ಡ ಗಾಜಿನಮನೆಗಿಂತ ಮುಂಚೆ ಇದ್ದ ಚಿಕ್ಕ ಮನೆಗಳಲ್ಲಿ. ಅಲ್ಲಿಂದ ಮಿಷನರಿಗಳ ಕೈಯಲ್ಲಿ ಅದರ ಮರಿಕಂದು ಸಮೋವಾ ದ್ವೀಪಕ್ಕೂ ಹೋಯ್ತು. 1950ರ ದಶಕದಲ್ಲಿ ಗ್ರೋ ಮಿಶೆಲ್ ಅನ್ನೋ ಬಾಳೆ ತಳಿಗೆ ಸೊರಗು ರೋಗ ಬಡಿದು ತೋಟಗಳೇ ಹಾಳಾದ ಮೇಲೆ ಅದರ ಜಾಗಕ್ಕೆ ಕ್ಯಾವೆಂಡಿಶ್ ಬಂತು, ಇವತ್ತು ದೇಶದಿಂದ ದೇಶಕ್ಕೆ ಹಡಗಲ್ಲಿ ಹೋಗೋ ಬಾಳೆಹಣ್ಣು ಹೆಚ್ಚುಕಮ್ಮಿ ಎಲ್ಲಾ ಇದೇ ಗುಂಪು.

ನಮ್ಮ ಪಚ್ಚಬಾಳೆ, ಈಗ ಎಲ್ಲಾ ಕಡೆ ಬೆಳೀತಿರೋ ಜಿ-ನೈನ್ ಎರಡೂ ಕ್ಯಾವೆಂಡಿಶ್ ಗುಂಪಿಗೇ ಸೇರಿದ್ದು. ಹಾಗಂತ ನಮ್ಮ ಪಚ್ಚಬಾಳೆ ಚಾಟ್ಸ್‌ವರ್ತ್‌ನಿಂದ ಬಂತು ಅಂತ ಹೇಳೋಕೆ ಹೋಗಬೇಡಿ. ಬಾಳೆ ಏಷ್ಯಾದ ಬೆಳೆ, ಚಾಟ್ಸ್‌ವರ್ತ್‌ನಿಂದ ಬಂದಿದ್ದು ಹೆಸರು ಮಾತ್ರ. ತಳ್ಳುಗಾಡಿಯಲ್ಲಿ ಡಜನ್ ಲೆಕ್ಕದಲ್ಲಿ ತಗೊಳ್ಳೋ ಹಣ್ಣಿಗೆ ಇಂಗ್ಲೆಂಡಿನ ಒಂದು ತೋಟದ ಮನೆತನದ ಹೆಸರು ಅಂಟಿರೋದು ನೆನಪಾದ್ರೆ ನನಗೆ ಪ್ರತಿ ಸಲ ಆಶ್ಚರ್ಯ.

ತಾವರೆ ಎಲೆ ನೋಡಿ ಕ್ರಿಸ್ಟಲ್ ಪ್ಯಾಲೆಸ್ ಕಟ್ಟಿದ್ದು ಅಂತಾರೆ, ನಿಜನಾ?

ಅರ್ಧ ನಿಜ. ಕ್ರಿಸ್ಟಲ್ ಪ್ಯಾಲೆಸ್ ಕಟ್ಟಿದ್ದೂ ಪ್ಯಾಕ್ಸ್‌ಟನ್ನೇ. ದಕ್ಷಿಣ ಅಮೆರಿಕದ ದೈತ್ಯ ನೈದಿಲೆ, ರಾಣಿ ಹೆಸರಿಟ್ಟ ವಿಕ್ಟೋರಿಯಾ ಲಿಲಿ, ಲಂಡನ್ ಹತ್ರದ ಕ್ಯೂ ಅನ್ನೋ ಸಸ್ಯತೋಟದಲ್ಲಿ ಬೀಜ ಮೊಳೆತರೂ ಹೂ ಬಿಡ್ತಿರ್ಲಿಲ್ಲ. 1849ರ ಆಗಸ್ಟಲ್ಲಿ ಪ್ಯಾಕ್ಸ್‌ಟನ್ ಒಂದು ಸಸಿ ತಂದ, ಬೆಚ್ಚಗಿನ ನೀರಿನ ತೊಟ್ಟಿಯಲ್ಲಿಟ್ಟ, ನೀರು ನಿಂತು ಕೆಡದ ಹಾಗೆ ಸಣ್ಣ ಚಕ್ರಗಳನ್ನ ತಿರುಗಿಸ್ತಾ ಇದ್ದ, ನವೆಂಬರ್‌ಗೆ ಹೂ ಬಿಡ್ತು. ಎಲೆ ಎಷ್ಟು ಗಟ್ಟಿ ಅಂತ ತೋರ್ಸೋಕೆ ತನ್ನ ಪುಟ್ಟ ಮಗಳು ಆನಿಯನ್ನ ಎಲೆ ಮೇಲೆ ನಿಲ್ಲಿಸಿದ, ಆ ಚಿತ್ರ ಪತ್ರಿಕೆಲಿ ಬಂದು ದೇಶ ಎಲ್ಲಾ ನೋಡ್ತು. ಎಲೆ ತಿರುಗಿಸಿದ್ರೆ ಅಡಿಯಲ್ಲಿ ದಪ್ಪ ನರಗಳು ಮಧ್ಯದಿಂದ ಹರಡಿ, ಅವನ್ನ ಅಡ್ಡ ನರಗಳು ಹಿಡಿದಿರ್ತವೆ, ತೊಲೆ ಜಂತಿ ಥರ. ಅದಕ್ಕೇ ಅಂತ ಕಟ್ಟಿದ ಲಿಲಿ ಮನೆಯ ಚಪ್ಪಟೆ ಚಾವಣಿಯೇ ಕ್ರಿಸ್ಟಲ್ ಪ್ಯಾಲೆಸ್‌ಗೆ ನೇರ ಮಾದರಿ. ಪ್ಯಾಕ್ಸ್‌ಟನ್ ಆ ಎಲೆಯನ್ನ ಜನರ ಮುಂದೆ ಹಿಡಿದು ಭಾಷಣ ಮಾಡಿದ್ದೂ ಹೌದು. ಆದ್ರೆ ನೆರಿಗೆ ಚಾವಣಿ, ಮರದ ದೋಣಿ, ಮೆಷಿನ್ನಲ್ಲಿ ಕೊಯ್ದ ಪಟ್ಟಿ, ನಾಲ್ಕಡಿ ಗಾಜು, ಇವೆಲ್ಲಾ ಲಿಲಿ ಬರೋಕೆ ಹತ್ತು ಹದಿನೈದು ವರ್ಷ ಮುಂಚೆನೇ ಅವನ ಕೈಗೆ ಬಂದಿತ್ತು. ಎಲೆ ಕಥೆ ಚಂದ ಇದೆ ಅಂತ ಆ ವರ್ಷಗಳ ಕೆಲಸವನ್ನ ಮರೀಬಾರದು.

ಹಾಗಾದ್ರೆ ಲಾಲ್‌ಬಾಗ್‌ಗೂ ಚಾಟ್ಸ್‌ವರ್ತ್‌ಗೂ ಏನು ನಂಟು?

ಸರಪಳಿ ಹೀಗಿದೆ. 1851ರ ದೊಡ್ಡ ಎಕ್ಸಿಬಿಷನ್‌ಗೆ ಲಂಡನ್ನಿನ ಹೈಡ್ ಪಾರ್ಕಲ್ಲಿ ಕಟ್ಟಡ ಬೇಕಿತ್ತು, 245 ನಕ್ಷೆ ಬಂದ್ರೂ ಯಾವುದೂ ಒಪ್ಪಿಗೆ ಆಗ್ಲಿಲ್ಲ. 1850ರ ಜೂನ್‌ನಲ್ಲಿ ಒಂದು ರೈಲ್ವೆ ಮೀಟಿಂಗ್‌ನಲ್ಲಿ ಕೂತಿದ್ದಾಗ ಪ್ಯಾಕ್ಸ್‌ಟನ್ ಮುಂದಿದ್ದ ಬ್ಲಾಟಿಂಗ್ ಪೇಪರ್ ಮೇಲೆ ಗೀಚಿದ ಚಿತ್ರ ಗೆದ್ದುಬಿಡ್ತು. 1848 ಅಡಿ ಉದ್ದದ ಕಟ್ಟಡ ಕೆಲವೇ ತಿಂಗಳಲ್ಲಿ ಎದ್ದು ನಿಲ್ತು, ಗಾಜು ಅದೇ ಚಾನ್ಸ್ ಬ್ರದರ್ಸ್‌ದು, ಟೊಳ್ಳು ಕಂಬಗಳ ಒಳಗಿಂದಲೇ ಮಳೆನೀರು ಇಳಿಯೋ ಹಾಗೆ ಮಾಡಿದ್ದ. 60 ಲಕ್ಷ ಜನ ನೋಡಿದ್ರು. ಪ್ಯಾಕ್ಸ್‌ಟನ್ 'ಸರ್' ಆದ, ಮುಂದೆ ಪಾರ್ಲಿಮೆಂಟ್ ಮೆಂಬರ್ರೂ ಆದ.

ಆ ಕ್ರಿಸ್ಟಲ್ ಪ್ಯಾಲೆಸ್ ಮನಸ್ಸಲ್ಲಿಟ್ಟುಕೊಂಡೇ ಲಾಲ್‌ಬಾಗ್ ಗಾಜಿನಮನೆ ಆಗಿದ್ದು. ಜಾನ್ ಕ್ಯಾಮರೂನ್ ಸೂಪರಿಂಟೆಂಡೆಂಟ್ ಆಗಿದ್ದಾಗ, 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟ, ಎರಕದ ಕಬ್ಬಿಣದ ಭಾಗಗಳು ಗ್ಲಾಸ್ಗೋದ ಸಾರಾಸೆನ್ ಫೌಂಡ್ರಿಯಿಂದ ಹಡಗಲ್ಲಿ ಬಂದ್ವು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಸಿಡನ್‌ಹ್ಯಾಮ್‌ಗೆ ಸ್ಥಳ ಬದಲಾಯಿಸಿ, ಕೊನೆಗೆ ಬೆಂಕಿಗೆ ಸುಟ್ಟು ಹೋಗಿದ್ದು 1936ರಲ್ಲಿ, ಅದೂ ನವೆಂಬರ್ 30ಕ್ಕೆ. ಈ ದಿನಾಂಕ ಹೊಂದಿದ್ದು ಗೊತ್ತಾದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಚಾಟ್ಸ್‌ವರ್ತ್‌ದು 1920ರಲ್ಲಿ ಹೋಯ್ತು, ಕ್ರಿಸ್ಟಲ್ ಪ್ಯಾಲೆಸ್ 1936ರಲ್ಲಿ ಹೋಯ್ತು, ಆ ವಂಶದ ಕುಡಿ ನಮ್ಮೂರಲ್ಲಿ ನಿಂತಿದೆ, ಆಗಸ್ಟ್ 15ಕ್ಕೆ ಜನವರಿ 26ಕ್ಕೆ ಫ್ಲವರ್ ಶೋ ನಡೀತಿದೆ.

ಒಂದು ದೊಡ್ಡ ವ್ಯತ್ಯಾಸ ಮಾತ್ರ ಇದೆ. ಚಾಟ್ಸ್‌ವರ್ತ್‌ದು ಬಿಸಿ ಹಿಡಿದಿಡೋ ಮನೆ, ಸುತ್ತ ಬಿಗಿಯಾಗಿ ಗಾಜು. ನಮ್ಮದು ಪಕ್ಕಗಳು ತೆರೆದ ಮಂಟಪ, ಗಾಳಿ ಆಡತ್ತೆ, ಬೆಂಗಳೂರಿನ ಹವೆಗೆ ಬಾಯ್ಲರ್ ಬೇಕೂ ಇಲ್ಲ. ಕಲ್ಲಿದ್ದಲು ಬೇಡದ ಮನೆ ಆಗಿದ್ದಕ್ಕೇ ನಮ್ಮದು ಉಳೀತು ಅಂತ ನನಗನ್ಸತ್ತೆ.

ಕ್ಯೂ ತೋಟದ ಪಾಮ್ ಹೌಸ್ ಇದರ ಕಾಪಿನಾ?

ಕಾಪಿ ಅಲ್ಲ, ತಮ್ಮ ಅನ್ನಬಹುದು. 1844ರಿಂದ 1848ರವರೆಗೆ ಕಟ್ಟಿದ್ದು, ಅದೇ ಡೆಸಿಮಸ್ ಬರ್ಟನ್, ಜೊತೆಗೆ ಕಬ್ಬಿಣದ ಕೆಲಸದ ರಿಚರ್ಡ್ ಟರ್ನರ್. ಅದು ಪೂರ್ತಿ ಕಬ್ಬಿಣದ ಅಸ್ಥಿಪಂಜರ, ನೆರಿಗೆ ಇಲ್ಲ. ಅದು ಇನ್ನೂ ನಿಂತಿದೆ, ಲಂಡನ್ನಿಗೆ ಹೋಗೋರು ನೋಡ್ಲೇಬೇಕು.

ಇಷ್ಟು ಒಳ್ಳೇ ಕಟ್ಟಡ ಯಾಕೆ ಒಡೆದ್ರು?

ಹಸಿವಿಂದ ಸತ್ತಿತು ಅನ್ನಿ. ಮೊದಲನೇ ಮಹಾಯುದ್ಧದಲ್ಲಿ ತೋಟದ ಗಂಡಸರು ಸೈನ್ಯಕ್ಕೆ ಹೋದ್ರು, ಕಲ್ಲಿದ್ದಲು ಯುದ್ಧದ ಕೆಲಸಕ್ಕೆ ಹೋಯ್ತು, ಬಾಯ್ಲರ್ ತಣ್ಣಗಾಯ್ತು, ಆ ಚಳಿಗೆ ಒಳಗಿನ ಗಿಡಗಳು ಸತ್ತವು. ಎಪ್ಪತ್ತು ಎಂಬತ್ತು ವರ್ಷದಿಂದ ಸಾಕಿದ ಗಿಡಗಳು. ಯುದ್ಧ ಮುಗಿದ ಮೇಲೆ ಒಂಬತ್ತನೇ ಡ್ಯೂಕ್ ಮುಂದೆ ಖಾಲಿ ಗಾಜಿನಮನೆ, ಕೊಳೆಯೋ ಮರ, ಮೈಲಿಗಟ್ಟಲೆ ಪೈಪು, ರಿಪೇರಿ ಖರ್ಚು. ಒಡೆಯೋದು ಅಂತ ತೀರ್ಮಾನ ಆಯ್ತು, ಡೈನಮೈಟ್ ಇಟ್ರು. ಒಂದೇ ಏಟಿಗೆ ಬೀಳ್ಲಿಲ್ಲ, ಮತ್ತೆ ಮತ್ತೆ ಸಿಡಿಸಬೇಕಾಯ್ತು. ಸಿಡಿಸೋ ಕೆಲಸ ವಹಿಸಿಕೊಂಡಿದ್ದು ಯಾರು ಗೊತ್ತಾ, ಚಾರ್ಲ್ಸ್ ಮಾರ್ಕ್‌ಹಮ್, ಪ್ಯಾಕ್ಸ್‌ಟನ್‌ನ ಸ್ವಂತ ಮಗಳ ಮಗ.

ಡ್ಯೂಕ್‌ನ ಬೈಯೋಕೆ ನನಗೆ ಮನಸ್ಸು ಬರಲ್ಲ. ಕಲ್ಲಿನ ಗುಡಿಯನ್ನ ನೂರು ವರ್ಷ ಬಾಗಿಲು ಹಾಕಿಟ್ರೂ ಗುಡಿ ಇರತ್ತೆ. ಗಾಜಿನಮನೆ ಹಾಗಲ್ಲ, ಹಸು ಸಾಕಿದ ಹಾಗೆ, ದಿನಾ ಮೇವು ಹಾಕಬೇಕು, ಒಂದು ಚಳಿಗಾಲ ಬಿಟ್ರೆ ಮುಗೀತು.

ಈಗ ಮತ್ತೆ ಕಟ್ಟಬಹುದಲ್ವಾ?

ಅಳತೆ ಗೊತ್ತಿದೆ, ಫೋಟೋ ಇದೆ, ಕಟ್ಟೋದು ಅಸಾಧ್ಯ ಅಲ್ಲ. ಆದ್ರೆ ಬಿಸಿ ಇಡೋ ಖರ್ಚು ಆಗಲೂ ಕೊಂದಿತ್ತು, ಈಗಲೂ ಕೊಲ್ಲತ್ತೆ. ನನ್ನನ್ನ ಕೇಳಿದ್ರೆ ಖಾಲಿ ಜಾಗ ಹಾಗೇ ಇರ್ಲಿ, ಉಳಿದಿರೋ ಗಾಜಿನಮನೆಗಳಿಗೆ ಬಣ್ಣ ಹೊಡೆಸೋಕೆ ಆ ದುಡ್ಡು ಹೋಗ್ಲಿ.

ಈಗ ಚಾಟ್ಸ್‌ವರ್ತ್‌ಗೆ ಹೋದ್ರೆ ಗಾಜಿನಮನೆ ಅಂತ ಏನೂ ಇಲ್ವಾ?

ಇದೆ ಇದೆ. ಮೊದಲನೇ ಡ್ಯೂಕ್ ಕಾಲದ, 1690ರ ದಶಕದ ಕೊನೆಯಲ್ಲಿ ಕಟ್ಟಿದ ಹಳೇ ಗ್ರೀನ್‌ಹೌಸ್ ಇದೆ, ಕಲ್ಲಿನ ಗೋಡೆ, ಎತ್ತರದ ಕಿಟಕಿಗಳು, ಒಳಗೆ ಕ್ಯಾಮೆಲಿಯಾ ಗಿಡಗಳು, ನಮ್ಮ ಟೀ ಗಿಡದ ಜಾತಿಯವೇ. ಗಾಜಿನಮನೆ ಅಂದ್ರೆ ಮೊದಮೊದಲು ಕಿಟಕಿ ಜಾಸ್ತಿ ಇರೋ ಕಲ್ಲುಮನೆ ಅಷ್ಟೇ ಆಗಿತ್ತು ಅನ್ನೋದು ಅದನ್ನ ನೋಡಿದ್ರೆ ಅರ್ಥ ಆಗತ್ತೆ. ಆಮೇಲೆ ಪ್ಯಾಕ್ಸ್‌ಟನ್ ಮಾಡಿದ ಕನ್ಸರ್ವೇಟಿವ್ ವಾಲ್ ಇದೆ, 331 ಅಡಿ ಉದ್ದ, ಇಳಿಜಾರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯತ್ತೆ, ಹಿಂದೆ ಬಿಸಿ ಗೋಡೆ, ಮುಂದೆ 1848ರಲ್ಲಿ ಸೇರಿಸಿದ ಗಾಜು. ಅವನ ಕೈಯ ಗಾಜಿನ ಕೆಲಸ ಕಣ್ಣಾರೆ ನೋಡಬೇಕು ಅಂದ್ರೆ ಅಲ್ಲಿ ನಿಲ್ಲಬೇಕು. 1970ರಲ್ಲಿ ಕಟ್ಟಿದ ಹೊಸ ಡಿಸ್‌ಪ್ಲೇ ಗ್ರೀನ್‌ಹೌಸೂ ಇದೆ, ಒಳಗೆ ಮೂರು ಥರದ ಹವೆ, ಅಲ್ಲಿ ವಿಕ್ಟೋರಿಯಾ ಲಿಲಿ, ಕ್ಯಾವೆಂಡಿಶ್ ಬಾಳೆ ಎರಡನ್ನೂ ಬೆಳೆಸ್ತಾರೆ. ಪ್ಯಾಕ್ಸ್‌ಟನ್ ಸಮಾಧಿ ಎಸ್ಟೇಟಿನ ಎಡೆನ್ಸರ್ ಹಳ್ಳಿಯ ಚರ್ಚ್ ಅಂಗಳದಲ್ಲಿದೆ, ನಡ್ಕೊಂಡೇ ಹೋಗಬಹುದು.

ಹೋಗೋದಾದ್ರೆ ಮೇಜ್ ಹತ್ರ ಎರಡು ತುದಿಯಲ್ಲಿ ಲೂಪಿನ್, ಡೇಲಿಯಾ ಹೂವಿನ ಮಡಿಗಳಿವೆ, ಅಲ್ಲೇ ಗಾಡಿ ಒಳಗೆ ಬರ್ತಿದ್ದ ಕಡೆ ನಿಂತ್ಕೊಳ್ಳಿ. ನಾನು ಅಲ್ಲಿ ನಿಂತು ಮೇಲೆ ನೋಡಿದೆ, 60 ಅಡಿ ಎತ್ತರದಲ್ಲಿ ಈಗ ಬರೀ ಮೋಡ, ಮಳೆ ನಿಂತಿತ್ತು, ಯೂ ಗಿಡದ ಬೇಲಿಯೊಳಗೆ ದಾರಿ ತಪ್ಪಿದ ಒಂದು ಮಗು ಅಮ್ಮನ್ನ ಕರೀತಿತ್ತು.